ಗ್ಯಾನ ಜಾಸ್ತಿಯಾದ ಕಾರು

ಕಾರಿನ ಆಂಪ್ಲಿಫೈಯರ್‌ಗೆ ‘ಗೇನ್’ ಎಂಬ ಒಂದು ಸಣ್ಣ ತಿರುಪಿರುತ್ತದೆ. ಅದನ್ನು ನಾನು ಬಹಳ ದಿನ ವಾಲ್ಯೂಮಿನ ಅಣ್ಣ ಎಂದೇ ತಿಳಿದಿದ್ದೆ. ತಮ್ಮನ ಕೈಲಿ ಆಗದ ಕೆಲಸಕ್ಕೆ ಅಣ್ಣನನ್ನು ಕರೆಯುವುದು ಲೋಕರೂಢಿ. ಹಾಗಾಗಿ ಹಾಡು ಸಾಲದು ಅನ್ನಿಸಿದಾಗಲೆಲ್ಲ ಸೀಟಿನ ಕೆಳಗೆ ಕೈಹಾಕಿ ಅದನ್ನು ಇನ್ನಷ್ಟು ಬಲಕ್ಕೆ ತಿರುಗಿಸುತ್ತಿದ್ದೆ.

ಅದು ಕ್ಯಾಸೆಟ್ಟುಗಳ ಕೊನೆಗಾಲ. ನನ್ನದು ಇಬ್ಬರ ಕೈದಾಟಿ ಬಂದ ಸಣ್ಣ ಕಾರು. ಅದರ ಹಾರ್ನಿಗೆ ಎಮ್ಮೆ ಕೂಡ ತಿರುಗಿ ನೋಡುತ್ತಿರಲಿಲ್ಲ. ಆದರೆ ಅದರ ಕ್ಯಾಸೆಟ್ ಡೆಕ್ಕಿಗೆ ಆಂಪ್ಲಿಫೈಯರ್ ಜೋಡಿಸಿದ ಮೇಲೆ ನಾನು ಬರುತ್ತಿರುವುದು ಕಲಬುರಗಿಯ ಇಡೀ ಜೇವರ್ಗಿ ಕಾಲೋನಿಗೆ ತಿಳಿಯತೊಡಗಿತು. ನಮ್ಮ ಓಣಿಯ ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು, ನಾನು ಮನೆ ಮುಟ್ಟುವ ತನಕ ರೋಗಿಯನ್ನು ಸುಮ್ಮನೆ ಕೂರಿಸುತ್ತಿದ್ದರಂತೆ. ನನಗೆ ಅದೂ ಒಂದು ಗೌರವವೆಂದೇ ಅನ್ನಿಸಿತ್ತು.

ಬರಬರುತ್ತ ಹಾಡು ಒಡೆಯತೊಡಗಿತು. ತಬಲಾ ಯಾವುದು, ತಂಬೂರಿ ಯಾವುದು ತಿಳಿಯದೆ ಎಲ್ಲವೂ ಬಾಣಲೆಯಲ್ಲಿ ಹುರಿದಂತೆ ಚರಚರ ಎನ್ನುತ್ತಿತ್ತು. ಖೂಬಾ ಪ್ಲಾಟಿನಲ್ಲಿ ಗಫಾರಭಾಯಿ ಎಂಬವರ ರಿಪೇರಿ ಅಂಗಡಿಯಿತ್ತು. ರೇಡಿಯೋ ಕಾಲದಿಂದಲೂ ಧ್ವನಿಯ ರೋಗಗಳಿಗೆಲ್ಲ ಅವರೇ ವೈದ್ಯರು. ಕಾರೊಳಗೆ ತಲೆ ಹಾಕಿ ಅರ್ಧ ನಿಮಿಷ ಕೇಳಿ, ಅಂಗಡಿ ಮುಂದೆ ಕೂತಿದ್ದ ನಾಲ್ಕು ಜನರ ಎದುರಿಗೇ ಅವರು ತೀರ್ಪು ಕೊಟ್ಟರು.

“ಸರ್, ನಿಮ್ದು ಗ್ಯಾನ್ ಭಾಳ ಜಾಸ್ತಿ ಆಗ್ಯಾದ್ರಿ. ಜರಾ ಕಡಿಮಿ ಮಾಡ್ಬೇಕಾಗ್ತದ.”

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ನಮ್ಮ ಕಡೆ ಜ್ಞಾನ ಎಂಬುದು ಗ್ಯಾನವಾಗಿ ಎಷ್ಟೋ ತಲೆಮಾರಾಯಿತು. ಅರಿವು ಗ್ಯಾನ, ನೆನಪು ಗ್ಯಾನ, ಲಕ್ಷ್ಯವೂ ಗ್ಯಾನ. “ಗ್ಯಾನ ಎಲ್ಲಿಟ್ಟೀಯೋ” ಎಂದು ಬೈಸಿಕೊಳ್ಳದೆ ಕಲಬುರಗಿಯಲ್ಲಿ ಯಾರೂ ದೊಡ್ಡವರಾಗಿಲ್ಲ. ಗ್ಯಾನ ಕಡಿಮೆಯೆಂದು ಬೈಸಿಕೊಂಡವರನ್ನು ಕಂಡಿದ್ದೆ. ಜಾಸ್ತಿಯಾಯಿತೆಂದು ಬೈಸಿಕೊಂಡ ಮೊದಲಿಗ ನಾನೇ ಇರಬೇಕು. ಮೇಷ್ಟರಿಗೆ ಹೀಗನ್ನುವುದೇ? ಕುಳಿತವರಲ್ಲೊಬ್ಬ ಬೇರೆ ಕಿಸಕ್ಕೆಂದು ನಕ್ಕ. ಕೀಲಿಕೈ ಕಿತ್ತುಕೊಂಡು ಮನೆಗೆ ಬಂದುಬಿಟ್ಟೆ.

ಹೆಂಡತಿ ಸುಧಾ ಕಥೆ ಕೇಳಿ, ಬಿಡಿಸುತ್ತಿದ್ದ ಅವರೆಕಾಯಿ ಬುಟ್ಟಿ ಕೆಳಗಿಟ್ಟು, ಗೋಡೆ ಹಿಡಿದು ನಕ್ಕಳು.

“ಅವ್ರು ಗೇನ್ ಅಂದಾರ್ರೀ. ಆ ತಿರುಪಿನ ಹೆಸರು.”

ಆಂಪ್ಲಿಫೈಯರಿನ ಮೇಲೆ ಬರೆದ ಆ ಹೆಸರನ್ನು ನಾನೇ ನೂರು ಸಲ ಓದಿದ್ದೆ. ನಗು ನಿಂತ ಮೇಲೆ ಅವಳು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು: “ಅಕ್ಕಾರ ಮನಿಯಿಂದನೂ ನೀವು ಹಿಂಗೇ ಎದ್ದು ಬಂದ್ರಿ.”

ಇದು ಮಾತ್ರ ನಾಟಿತು. ನನ್ನ ಅಕ್ಕನ ಮನೆ ಕಮಲಾಪುರದಲ್ಲಿ. ತಾಯಿ ತೀರಿದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಕಾರು ಕೊಂಡ ಹೊಸದರಲ್ಲಿ ಸುಧಾಳೊಂದಿಗೆ ತೋರಿಸಲು ಹೋದಾಗ, “ಕಾರ್ ಬಂತಲ್ಲಪಾ, ಇನ್ನ ನಾವು ನಿನ್ನ ಕಣ್ಣಿಗಿ ಬೀಳ್ತೀವೇನು?” ಎಂದಿದ್ದಳು. ಚುಚ್ಚಿದಳೆಂದು ನಾನು ಊಟವನ್ನೂ ಮಾಡದೆ ಬಂದಿದ್ದೆ. ಎಂಟು ತಿಂಗಳಾಗಿತ್ತು. ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ. ಅಲ್ಲಿನ ಕೆಂಪು ಬಾಳೆಹಣ್ಣನ್ನು ಪೇಟೆಯಲ್ಲಿ ಕಂಡರೂ ಮುಖ ತಿರುಗಿಸುವ ಮಟ್ಟಕ್ಕೆ ಮುಟ್ಟಿದ್ದೆ.

ಮರುದಿನ ಗಫಾರಭಾಯಿಯ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ನಿನ್ನೆಯದನ್ನು ಎತ್ತಲೇ ಇಲ್ಲ. ಗೇನನ್ನು ಪೂರ್ತಿ ಎಡಕ್ಕೆ ಇಳಿಸಿದರು. ಬೇಸು ಗೀಸು ಎಲ್ಲ ಸಮ ಮಾಡಿದರು. ನನಗೆ ಚೆನ್ನಾಗಿ ಗೊತ್ತಿರುವ ಕ್ಯಾಸೆಟ್ಟೊಂದನ್ನು ಹಾಕಿಸಿ, ಡೆಕ್ಕಿನ ವಾಲ್ಯೂಮನ್ನು ಮುಕ್ಕಾಲರ ತನಕ ಏರಿಸಿದರು. ಆಮೇಲೆ ಗೇನನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಲಕ್ಕೆ ತಿರುಗಿಸುತ್ತ ಹೋದರು. ದನಿ ಒರಟಾದ ಕೂಡಲೇ ನಿಂತು, ತುಸು ಹಿಂದಕ್ಕೆ ಬಂದರು.

“ಗ್ಯಾನ್ ಅಂದ್ರ ಜೋರು ಅಲ್ರಿ ಸರ್. ಡೆಕ್ ಎಷ್ಟ್ ಕಳಸ್ತದ, ಇದು ಅಷ್ಟೇ ಅಂತ ತಿಳ್ಕೋಬೇಕು. ಅದು ಸಣ್ಣ ಮಾತು ಕಳಿಸಿದ್ರ ಇದು ದೊಡ್ಡ ಜಗಳ ಅಂತ ತಿಳ್ಕೊಂಡ್ರ ಹೆಂಗ? ಇದ್ರ ತಾಕತ್ ಮುಗೀತದ, ಆವಾಜಿನ ತುದಿ ಕತ್ತರಿಸಿ ಹೋಗ್ತದ. ನಾಜೂಕ ಇದ್ದದ್ದೇ ಮೊದಲು ಹೋಗೋದು.”

ಅವರು ಹೇಳಿದ್ದು ಆಂಪ್ಲಿಫೈಯರಿಗೆ. ನನಗೆ ಮಾತ್ರ ಕಿವಿ ಹಿಂಡಿಸಿಕೊಂಡಂತಾಯಿತು.

ಆ ಭಾನುವಾರ ನಾವಿಬ್ಬರೂ ಕಮಲಾಪುರದ ದಾರಿ ಹಿಡಿದೆವು. ಹಾಡು ಈಗ ಮೆಲ್ಲಗಿದ್ದರೂ ತುಂಬಿಕೊಂಡಿತ್ತು; ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಸುಧಾಳನ್ನು ಕೇಳಿದೆ, ಅಕ್ಕ ಅವತ್ತು ಆ ಮಾತು ಹೇಗೆ ಅಂದಳು ಎಂದು.

“ನಗತಾ ಅಂದ್ರು. ನಿಮ್ಮ ಹೆಗಲ ಮ್ಯಾಲ ಕೈ ಇಟ್ಟು ಅಂದ್ರು.”

ಆ ನಗುವೂ ಆ ಕೈಯೂ ಎಂಟು ತಿಂಗಳು ನನ್ನ ಲೆಕ್ಕದಲ್ಲೇ ಇರಲಿಲ್ಲ. ಆ ದಾರಿ ಅಷ್ಟು ಉದ್ದವೆಂದು ಹಿಂದೆಂದೂ ಅನ್ನಿಸಿರಲಿಲ್ಲ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನೊಬ್ಬನನ್ನೇ ನೋಡಿ “ಬರ್ರಿ, ಕೂಡ್ರಿ” ಎಂದಳು. ಒಡಹುಟ್ಟಿದ ತಮ್ಮನಿಗೆ ‘ರಿ’ ಹಚ್ಚಿದಳು. ಸುಧಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಚಾಪೆಯ ಮೇಲೆ ಕೂತೆ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜಾಸ್ತಿಯಾಯಿತು. ನಡುವೆ ಒಂದು ಸಲ ಮೂಗು ಸೀಟಿಕೊಂಡದ್ದು ತೀರ ಸಣ್ಣಗೆ ಕೇಳಿಸಿತು.

ಆಮೇಲೆ ಒಳಗಿನಿಂದಲೇ ಪ್ರಶ್ನೆ ಬಂತು: “ಚಾಕ್ಕ ಸಕ್ಕರಿ ಎಷ್ಟ್ ಹಾಕ್ಲಿ?”

ನನ್ನ ಹಾಲಿನ ಬಟ್ಟಲಿಗೆ ಸಕ್ಕರೆ ಹಾಕಿ ಕಲಕಿ ಕೊಟ್ಟು ನನ್ನನ್ನು ದೊಡ್ಡವನನ್ನಾಗಿ ಮಾಡಿದವಳು ಕೇಳುವ ಪ್ರಶ್ನೆಯಲ್ಲ ಅದು. ಪರರನ್ನು ಕೇಳುವ ಪ್ರಶ್ನೆ. ಕೇಳಿದ ದನಿ ಕೊನೆಯಲ್ಲಿ ಸ್ವಲ್ಪ ನಡುಗಿತು.

“ನಿನ್ನ ಸಿಟ್ಟು ಇಳಿಯೋ ಅಷ್ಟು ಹಾಕಕ್ಕಾ,” ಎಂದೆ.

ಚಹಾ ಬಂತು. ಚಮಚ ನೆಟ್ಟರೆ ನಿಲ್ಲುವಂಥ ಪಾಕ. ಅಕ್ಕ ಎದುರಿಗೇ ಕೂತು ನೋಡುತ್ತಿದ್ದಳು. ನಾನು ತಳದ ಸಕ್ಕರೆಯನ್ನೂ ಬಿಡದೆ ಕುಡಿದು, ಇನ್ನೊಂದು ಕಪ್ಪು ಕೇಳಿದೆ.