ಅಜ್ಜಿಯ ಡಬ್ಬಿ, ಲ್ಯಾಬಿನ ಉಂಗುರ

ದೇವದುರ್ಗದ ನಮ್ಮ ಓಣಿಯಲ್ಲಿ ಡಾಕ್ಟರಿಕೆ ಓದದ ಏಕೈಕ ತಜ್ಞ ನಾನು. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಎಷ್ಟು ಬಂತು ಎಂದು ಮಾತ್ರ ಕೇಳಬೇಡಿ. ನನ್ನ ದವಾಖಾನೆ ಎಂದರೆ ಅಜ್ಜಿಯ ಬಿಸ್ಕೀಟು ಡಬ್ಬಿ. ಜ್ವರ ಇಳಿದ ಮರುದಿನವೇ ಗುಳಿಗೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ರೋಗಿಗೆಂದು ಅದರಲ್ಲಿ ಹಾಕುವುದು ಓಣಿಯ ಪದ್ಧತಿ. ಕೆಲವು ಗುಳಿಗೆ ವಯಸ್ಸಿನಲ್ಲಿ ನನಗಿಂತ ಹಿರಿಯವು. ನಮಸ್ಕಾರ ಮಾಡಿಯೇ ಕೊಡಬೇಕಿತ್ತು.

ಅಜ್ಜಿಗೇ ಚಳಿಜ್ವರ ಬಂದಾಗ, ಡಬ್ಬಿಯ ಗುಳಿಗೆಗಳನ್ನು ಬಣ್ಣ ನೋಡಿ ಮೂರು ದಿನ ನಾನೇ ಕೊಟ್ಟೆ. ನಾಲ್ಕನೇ ದಿನ ಅವಳಿಗೆ ನನ್ನ ಗುರುತೇ ಹತ್ತಲಿಲ್ಲ. ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ರಕ್ತಕ್ಕೇ ಸೋಂಕು ಸೇರಿದೆ, ಯಾವ ಔಷಧಿ ನಾಟುತ್ತದೋ ಪರೀಕ್ಷೆಯಲ್ಲೇ ತಿಳಿಯಬೇಕು ಎಂದರು ಡಾಕ್ಟರು. ಮೊದಲು ಏನು ಕೊಟ್ಟಿದ್ದಿರಿ ಎಂದೂ ಕೇಳಿದರು. ಊರಿಗೆಲ್ಲ ಭಾಷಣ ಬಿಗಿಯುವ ನಾನು ಅವತ್ತು ನೀರು ತರುವ ನೆಪ ಹೇಳಿ ಹೊರಗೆ ನಡೆದೆ.

ಲ್ಯಾಬಿನ ಅಕ್ಕ ಮಾನ್ವಿಯಿಂದ ದಿನಾ ಬಸ್ಸಿಗೆ ಬರುವವರು. ಫೋನಿನಲ್ಲಿ ಮನೆಯವರ ಜೊತೆ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಎರಡು ದಿನ ಅವರ ಕಿಟಕಿಗೆ ಹಲ್ಲಿಯಂತೆ ಅಂಟಿಕೊಂಡಿದ್ದೆ. ಮೂರನೇ ದಿನ ಬೆಳಿಗ್ಗೆ ಮುಚ್ಚಿದ ತಟ್ಟೆಯೊಂದನ್ನು ಗಾಜಿನಾಚೆ ಹಿಡಿದು ತೋರಿಸಿದರು. ಅಜ್ಜಿಯ ರಕ್ತದ ಬ್ಯಾಕ್ಟೀರಿಯಾ ಅದರ ತುಂಬ ಮಬ್ಬಾಗಿ ಬೆಳೆದಿತ್ತು. ನಡುನಡುವೆ ಔಷಧಿ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಗಳು. ಹೆಚ್ಚಿನ ಬಿಲ್ಲೆಗಳಿಗೆ ಬ್ಯಾಕ್ಟೀರಿಯಾಗಳು ಲೋಡಿಗೆ ಒರಗಿದ ಸಾಹುಕಾರರಂತೆ ಆತುಕೊಂಡಿದ್ದವು. ಎರಡರ ಸುತ್ತ ಮಾತ್ರ ಸ್ವಚ್ಛ ಉಂಗುರ, ಅಲ್ಲಿ ಔಷಧಿ ನಾಟಿತ್ತು. ಅಕ್ಕ ದರ್ಜಿಯಂತೆ ಸ್ಕೇಲಿಟ್ಟು ಅಳೆದರು, ಮತ್ತೊಮ್ಮೆ ಅಳೆದರು, ವರದಿ ಬರೆಯುವ ಮೊದಲೇ ವಾರ್ಡಿಗೆ ಫೋನು ಹಚ್ಚಿದರು.

ಆಮೇಲೆ ನನ್ನತ್ತ ತಿರುಗಿ, "ಈ ಹುಳಕ್ಕ ಗುಳಿಗಿ ರುಚಿ ಮೊದ್ಲ ಗೊತ್ತದ. ಯಾರ್ ತಿನ್ಸ್ಯಾರ? ಖರೇ ಹೇಳು," ಎಂದರು.

ಡಬ್ಬಿಯ ಕಥೆ ಹೇಳಿದೆ. ಒಂಚೂರೂ ಹಿಗ್ಗಿಸದೆ ನಾನು ಹೇಳಿದ ಮೊದಲ ಕಥೆ ಅದು. ಅಕ್ಕ ಬೈಯಲಿಲ್ಲ. ಉಂಗುರ ಬಿದ್ದ ಔಷಧಿಯನ್ನೂ ಅರ್ಧಕ್ಕೆ ಬಿಟ್ಟರೆ ಮತ್ತೆ ಇದೇ ಪಾಡು, ಕೊನೆಯ ಸೂಜಿಯವರೆಗೆ ಕಾಯಬೇಕು ಎಂದಷ್ಟೇ ಹೇಳಿದರು. ಮರುದಿನ ಊರಿಗೆ ಹೋಗಿ, ಗಬ್ಬೂರಿನ ಮೇಲೆ ಬರುವ ಬಸ್ಸಿನಲ್ಲಿ ಡಬ್ಬಿ ತಂದು ಅವರ ಕೈಗಿಟ್ಟೆ.

ಹೊಸ ಸೂಜಿ ಶುರುವಾಗಿ ಮೂರನೇ ದಿನ ಅಜ್ಜಿ ಎದ್ದು ಕುಳಿತಳು. ಮೊದಲು ನನ್ನ ಗುರುತು ಹಿಡಿದಳು, ಆಮೇಲೆ ಸೂಜಿಯದ್ದು.

"ನನಗ ಆರಾಮ ಆಗ್ಯದ. ಉಳಿದ ಸೂಜಿ ಡಬ್ಯಾಗ ಹಾಕ್ಕೊಂಡ್ ಮನಿಗಿ ನಡಿ ಲೇ."

"ಡಬ್ಬಿ ಇಲ್ಲ ಯವ್ವಾ. ಲ್ಯಾಬಿನ ಅಕ್ಕಾರಿಗಿ ಕೊಟ್ಟೀನಿ."

ಅಜ್ಜಿ ನನ್ನ ವಂಶವನ್ನೆಲ್ಲ ಜಾಲಾಡಿ ಬೈದಳು. ಅದರ ಬೇರು ತಾನೇ ಎಂಬುದು ಆಗ ಅವಳಿಗೆ ನೆನಪಿರಲಿಲ್ಲ. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನರ್ಸು ಸೂಜಿ ಹಾಕಿದರು.