ಗಿರಣಿಯಕ್ಕ ದೀಪ ಕೊಂಡದ್ದು

ಮನೆಯ ಹಳೆಯ ಟ್ಯೂಬ್‌ಲೈಟುಗಳು ಗುಂಯ್‌ಗುಡುತ್ತವೆ, ಅದಕ್ಕೇ ಮಗು ನಿದ್ದೆ ಮಾಡುತ್ತಿಲ್ಲ ಎಂದು ಮಗ ತೀರ್ಪು ಕೊಟ್ಟಾಗ ಗಿರಣಿಯಕ್ಕ, "ಹೂಂ ಕಣೋ, ನನಗೂ ಕೇಳಿ ಕೇಳಿ ತಲೆ ಚಿಟ್ಟುಹಿಡಿದಿದೆ" ಎಂದಳು. ಹಸಿ ಸುಳ್ಳು. ಆ ಸದ್ದು ಅವಳ ಕಿವಿಗೆ ಬಿದ್ದು ಆರು ವರ್ಷದ ಮೇಲಾಗಿತ್ತು. ಗುಂಯ್ ಅನ್ನುವುದು ಹಾಗಿರಲಿ, ಬೆನ್ನ ಹಿಂದೆ ಸ್ಟೀಲಿನ ತಟ್ಟೆ ಬಿದ್ದರೂ ಅವಳಿಗೆ ಗೊತ್ತಾಗುತ್ತಿದ್ದದ್ದು ಉಳಿದವರು ಬೆಚ್ಚಿದ್ದನ್ನು ನೋಡಿಯೇ.

ಇಪ್ಪತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು ಅವಳು. ಬೀದಿಯವರು ಇಟ್ಟ ಹೆಸರೂ ಅಲ್ಲಿಂದಲೇ ಬಂದದ್ದು. ಒಂದೇ ಶೆಡ್ಡಿನಲ್ಲಿ ಇನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳದು. ಹಾಗಾಗಿ ಅಲ್ಲಿನ ಹೆಂಗಸರು ಬರೀ ತುಟಿ ಆಡಿಸಿಯೇ ಮಾತಾಡುತ್ತಿದ್ದರು. ನಾಲ್ಕು ಮಗ್ಗ ಆಚೆ ನಿಂತವಳ ಮನೆಯ ಜಗಳ, ಅವಳ ನಾದಿನಿಯ ಗುಣ, ಎಲ್ಲವೂ ಸದ್ದಿಲ್ಲದೆ ಈ ಕಡೆ ಬರುತ್ತಿತ್ತು. ಮೇಸ್ತ್ರಿಯನ್ನು ಅವನ ಎದುರಿಗೇ ಬಾಯಿತುಂಬ ಬೈಯುವ ಸುಖವೂ ಇತ್ತು. ಗಿರಣಿ ಅವಳ ಕಿವಿಯನ್ನು ನುಂಗಿತು, ಬದಲಿಗೆ ಕಣ್ಣಿಗೆ ಈ ವಿದ್ಯೆ ಕಲಿಸಿತು. ಈ ವಿದ್ಯೆಯ ಬಲದಿಂದ ಅವಳು ಮಗನಿಗೂ ಸೊಸೆಗೂ ಸುಳಿವು ಕೊಡದೆ ಆರು ವರ್ಷ ತಳ್ಳಿಬಿಟ್ಟಿದ್ದಳು.

ಇಷ್ಟು ಗುಟ್ಟು ಯಾಕೆ ಅಂದರೆ, ಮೊದಲು ಬರೀ ಜಂಬಕ್ಕೆ. ಈಗ ಐದು ತಿಂಗಳ ಮೊಮ್ಮಗಳಿಗಾಗಿ. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅವಳ ರಜೆ ಇನ್ನು ಎರಡು ವಾರಕ್ಕೆ ಮುಗಿಯುತ್ತಿತ್ತು. ಆಮೇಲೆ ಹಗಲೆಲ್ಲ ಮಗು ಅಜ್ಜಿಯ ಕೈಯಲ್ಲಿ ಎಂದು ಮಾತಾಗಿತ್ತು. ತನ್ನ ಮಗ ಕೂಸಾಗಿದ್ದಾಗ ಗಿರಣಿಯಕ್ಕ ಪಾಳಿಯ ಮೇಲೆ ಪಾಳಿ ದುಡಿದವಳು. ಅವನು ಬೆಳೆದದ್ದು ಪಕ್ಕದ ಮನೆಯ ಚಾಪೆಯ ಮೇಲೆ. ಅವನ ಮೊದಲ ಹೆಜ್ಜೆಯನ್ನೂ ಅವಳು ನೋಡಲಿಲ್ಲ. ಈ ಮಗುವನ್ನಾದರೂ ಮಡಿಲಲ್ಲಿಟ್ಟು ಬೆಳೆಸಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು. ಕಿವಿ ಕೇಳದ ಮುದುಕಿಯ ಕೈಗೆ ಯಾರು ಕೂಸನ್ನು ಕೊಡುತ್ತಾರೆ?

ಮಗ ಟ್ಯೂಬ್‌ಲೈಟು ಕಿತ್ತು, ನಡುಮನೆಯ ಸೂರಿನ ನಟ್ಟನಡುವೆ ಹಳದಿ ಬೆಳಕಿನ ಒಂದು ಎಲ್‌ಇಡಿ ಬಲ್ಬು ಹಾಕಿದ. ಗೋಡೆಗಳು ಜೇನು ಬಳಿದಂತೆ ಕಂಡವು. ಮಗ ಸೊಂಟದ ಮೇಲೆ ಕೈಯಿಟ್ಟು ನಿಂತು ಹೆಮ್ಮೆಪಟ್ಟ. ಗಿರಣಿಯಕ್ಕನಿಗೆ ಮಾತ್ರ ಲೋಕವೇ ಬಾಯಿ ಮುಚ್ಚಿಕೊಂಡ ಹಾಗಾಯಿತು. ನೆತ್ತಿಯ ಮೇಲಿಂದ ಬೀಳುವ ಮಂದ ಬೆಳಕಿನಲ್ಲಿ ಎಲ್ಲರ ಮೂಗಿನ ನೆರಳು ತುಟಿಯ ಮೇಲೆ ಕೂತಿತ್ತು. ಮಗು ಹಾಲು ಕುಡಿಯಿತಾ ಎಂದು ಸೊಸೆ ಕೇಳಿದರೆ ಇವಳು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದೇನೆ ಎಂದಳು.

"ಈ ಬೆಳಕು ನನಗೆ ಒಗ್ಗಲ್ಲ ಕಣೋ."

"ಒಳ್ಳೇ ಹೋಟೆಲಲ್ಲೆಲ್ಲ ಇದೇ ಹಾಕೋದು, ಅಮ್ಮ."

"ಹೋಟೆಲಲ್ಲಿ ತಿಂದು ಎದ್ದು ಬರ್ತೀವಪ್ಪ, ಸಂಸಾರ ಮಾಡ್ತೀವಾ?"

ಮಗ ನಕ್ಕು ಸೋತ. ಉಳಿದ ಕೋಣೆಗಳಿಗೂ ಸೇರಿಸಿ ದೀಪಗಳನ್ನು ಅತ್ತೆ ಸೊಸೆ ಇಬ್ಬರೇ ಹೋಗಿ ತರುವುದು, ಅಷ್ಟು ಹೊತ್ತು ಅವನು ಮಗು ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು.

ಅದಕ್ಕೆ ಎರಡು ದಿನ ಮುಂಚೆ ಇನ್ನೊಂದು ನಡೆದಿತ್ತು. ಸೊಸೆ ಸ್ನಾನಕ್ಕೆ ಹೋಗಿದ್ದಾಗ ಗಿರಣಿಯಕ್ಕ ಹಾಲು ಕಾಯಿಸಲು ಮಗುವಿನ ಪಕ್ಕದಿಂದ ಎದ್ದು ಅಡುಗೆಮನೆಗೆ ಬಂದಿದ್ದಳು. ಹಾಲು ಉಕ್ಕಿತು, ಒಲೆ ಒರೆಸಿದಳು, ಪಾತ್ರೆ ಬದಲಿಸಿದಳು. ತಿರುಗಿ ಹೋಗಿ ನೋಡಿದರೆ ಮಗುವಿನ ಮುಖ ಕೆಂಪಗಾಗಿ, ಕೆನ್ನೆಯೆಲ್ಲ ಒದ್ದೆಯಾಗಿ, ಉಸಿರು ಬಿಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ಅಳುತ್ತಿತ್ತೋ ಅವಳಿಗೆ ಗೊತ್ತಿರಲಿಲ್ಲ. ಎತ್ತಿಕೊಂಡು ಸಮಾಧಾನ ಮಾಡಿದಳು, ಯಾರಿಗೂ ಹೇಳಲಿಲ್ಲ. ಆವತ್ತು ಅವಳಿಗೆ ಊಟ ಸೇರಲಿಲ್ಲ.

ದೀಪದ ಅಂಗಡಿಯವನು ಮಾತಿನ ಮಲ್ಲ. ಗಿರಣಿಯಕ್ಕನಿಗೆ ಬೇಕಾದದ್ದೂ ಅಂಥವನೇ.

"ಅದನ್ನ ಹಾಕಿ, ಕೆಳಗೆ ನಿಂತ್ಕೊಂಡು ಏನಾದ್ರೂ ಮಾತಾಡಿ" ಎಂದಳು.

"ನಾನ್ಯಾಕಮ್ಮ ನಿಂತ್ಕೋಬೇಕು? ಬಲ್ಬು ತಾನೆ ನೋಡ್ಬೇಕಾದ್ದು?"

"ಬಲ್ಬಿನ ಮುಖ ನೋಡ್ಕೊಂಡು ಯಾರು ಕೂತಿರ್ತಾರೆ? ನಿಮ್ಮ ಮುಖ ಹೇಗೆ ಕಾಣತ್ತೆ ನೋಡೋಣ."

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಂಗಡಿಯವನು ಹಳದಿಯ ಕೆಳಗೆ ನಿಂತ, ಬಿಳಿಯ ಕೆಳಗೆ ನಿಂತ, ಎರಡರ ನಡುವಿನ ಬಣ್ಣದ ಕೆಳಗೂ ನಿಂತು, ವ್ಯಾಟ್ ಕಡಿಮೆಯಾದರೂ ಬೆಳಕು ಹೇಗೆ ಜಾಸ್ತಿ ಎಂದು ಭಾಷಣ ಬಿಗಿದ. ಮಗ್ಗದ ಮುಂದೆ ಕಡಿದ ಎಳೆ ಹುಡುಕುತ್ತಿದ್ದ ಶ್ರದ್ಧೆಯಿಂದಲೇ ಅವಳು ಅವನ ತುಟಿ ನೋಡಿದಳು. ನಡುಮನೆಗೆ ಬಿಳಿ ಎಲ್‌ಇಡಿ ಪಟ್ಟಿ, ಅದೂ ಸೂರಿಗಲ್ಲ, ಎಲ್ಲರೂ ಕೂರುವ ಜಾಗದ ಎದುರು ಗೋಡೆಗೆ. ಅಡುಗೆಮನೆಗೆ ಕಟ್ಟೆಯ ಮೇಲೊಂದು, ಬಾಗಿಲಲ್ಲಿ ನಿಂತು ಮಾತಾಡುವವರ ಮುಖಕ್ಕೆ ಬೀಳುವಂತೆ ಇನ್ನೊಂದು. ಬಚ್ಚಲಿಗೆ ಯಾವುದಾದರೂ ನಡೆದೀತು. ಮಗು ಮಲಗುವ ಕೋಣೆಗೆ ಮಗನ ಆಸೆಯಂತೆ ಮಂದ ಹಳದಿ. ಅಲ್ಲಿ ಮಾತಿಗಿಂತ ನಿದ್ದೆ ಮುಖ್ಯ ಎಂದು ಬಿಟ್ಟುಕೊಟ್ಟಳು.

ಲೆಕ್ಕ ಹಾಕುವ ಹೊತ್ತಿಗೆ ಅಂಗಡಿಯವನು ಇನ್ನೊಂದು ಸರಕು ತೆಗೆದ. ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ, ಅದಕ್ಕೆ ಸಿಕ್ಕಿಸಿದ ಬಲ್ಬು. ಅವನು ಚಪ್ಪಾಳೆ ತಟ್ಟಿದ, ಬಲ್ಬು ಹೊತ್ತಿಕೊಂಡಿತು.

"ಸದ್ದಾದ್ರೆ ಸಾಕು, ತಾನೇ ಹೊತ್ಕೊಳ್ಳತ್ತೆ. ಮಹಡಿ ಮೆಟ್ಟಿಲಿಗೆ ಜನ ತುಂಬ ತಗೊಂಡು ಹೋಗ್ತಾರೆ."

ಗಿರಣಿಯಕ್ಕ ಅವನಿಗೆ ಬೆನ್ನು ಹಾಕಿ, ಬಲ್ಬಿನ ಕಡೆಗೇ ಮುಖ ಮಾಡಿ ನಿಂತಳು. "ಇನ್ನೊಂದು ಸಲ ತಟ್ಟಿ." ಬಲ್ಬು ಹೊತ್ತಿತು. ಬೆನ್ನ ಹಿಂದೆ ಒಂದು ಸದ್ದಾಗಿತ್ತು, ಯಾರ ಮುಖವನ್ನೂ ನೋಡದೆ ಅದು ಅವಳಿಗೆ ತಿಳಿದಿತ್ತು. ಆರು ವರ್ಷದಲ್ಲಿ ಇದೇ ಮೊದಲು.

"ಇದು ಹಗಲಲ್ಲೂ ಹೊತ್ಕೊಳ್ಳತ್ತಾ?" ಎಂದು ಅವನ ಕಡೆ ತಿರುಗಿ ಕೇಳಿದಳು.

"ಇಲ್ಲಮ್ಮ, ಕತ್ತಲಾದ ಮೇಲೇನೇ. ಹಗಲು ಯಾಕೆ ದೀಪ?"

"ಹಗಲು ಬೇಕು. ಡಬ್ಬಿ ಒಂದು ಕೋಣೇಲಿ ಇರ್ಬೇಕು, ಬಲ್ಬು ಅಡುಗೆಮನೇಲಿ."

"ವೈರ್ ಎಳೆದ್ರೆ ಆಗತ್ತೆ, ಹಗಲು ಕೆಲಸ ಮಾಡೋದೂ ಇದೆ. ಯಾವುದಕ್ಕೆ ಅಂತ ಹೇಳಿದ್ರೆ ಸರಿಯಾದ್ದು ಕೊಡ್ತೀನಿ."

ಮೆಟ್ಟಿಲಿಗೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುಟ್ಟು ಉಳಿಯುತ್ತಿತ್ತು, ಮಗುವೂ ತನ್ನ ಕೈಗೆ ಬರುತ್ತಿತ್ತು. ಆದರೆ ಆ ಒದ್ದೆ ಕೆನ್ನೆ ಕಣ್ಣ ಮುಂದೆ ಬಂತು. ಗಿರಣಿಯಕ್ಕ ಅಂಗಡಿಯವನಿಗೆ ಅಲ್ಲ, ಸೊಸೆಗೆ ಹೇಳಿದಳು: "ಮಗು ಅತ್ರೆ ನನಗೆ ಕೇಳಲ್ಲ ಕಣಮ್ಮ. ಏನೂ ಕೇಳಲ್ಲ. ನಿಮ್ಮ ತುಟಿ ನೋಡ್ಕೊಂಡು ಮಾತಾಡ್ತಿದೀನಿ." ಆಮೇಲೆ ಹಾಲು ಉಕ್ಕಿದ ದಿನದ ವಿಷಯವನ್ನೂ ಹೇಳಿದಳು.

ಸೊಸೆಯ ಮುಖ ಬಿಳಿಚಿಕೊಂಡಿತು. "ಹೇಳ್ಬೇಕಿತ್ತು ಅತ್ತೆ, ನೀವು. ನಾನು ದಿನಾ ನಿಮ್ಮನ್ನ ನಂಬಿ ಮಗೂನ ಬಿಟ್ಟು ಸ್ನಾನಕ್ಕೆ ಹೋಗ್ತಿದ್ನಲ್ಲ."

"ಅದೊಂದು ದಿನ ಬಿಟ್ರೆ ನಾನು ಮಗುವಿನ ಮುಂದಿಂದ ಕದಲಿಲ್ಲ. ನೀರು ಕುಡಿಯೋಕೂ ಏಳ್ತಿರಲಿಲ್ಲ. ಆದ್ರೆ ದಿನವೆಲ್ಲ ಹಾಗೆ ಕೂರೋಕಾಗಲ್ಲ, ನನಗೂ ಗೊತ್ತು. ಈಗ ನೀನು ಕೊಡಲ್ಲ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ."

ಅವಳು ಅಂದುಕೊಳ್ಳುತ್ತಿದ್ದಳು, ಖಂಡಿತ. ಕಣ್ಣು ಆಗಲೇ ತುಂಬಿತ್ತು. ಸೊಸೆ ತುಂಬ ಹೊತ್ತು ಆ ಡಬ್ಬಿಯನ್ನೇ ಕೈಯಲ್ಲಿ ತಿರುಗಿಸಿ ನೋಡಿದಳು. ಕೊನೆಗೆ ಹಗಲು ಕೆಲಸ ಮಾಡುವಂಥದ್ದನ್ನು ಕಟ್ಟಿಕೊಡಲು ಅಂಗಡಿಯವನಿಗೆ ಹೇಳಿದಳು.

ವಿಷಯ ತಿಳಿದ ಮಗ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ವೈರ್‌ಮನ್ ಬಂದು ತೊಟ್ಟಿಲಿನ ಪಕ್ಕ ಡಬ್ಬಿ, ಒಲೆಯ ಮೇಲೆ ಬಲ್ಬು ಹಾಕಿ ಹೋದ. ಸೊಸೆ ರಜೆಯ ಉಳಿದ ದಿನಗಳನ್ನೆಲ್ಲ ಪರೀಕ್ಷೆಗೇ ಇಟ್ಟಳು. ಕೋಣೆಯ ಬಾಗಿಲು ಹಾಕಿಕೊಂಡು ಕೆಮ್ಮುವುದು, ಗಿಲಕಿ ಆಡಿಸುವುದು, ಮಗು ಅತ್ತಾಗ ಬೇಕೆಂದೇ ತಾನು ಏಳದೆ ಕೂತು ಅತ್ತೆ ಎಷ್ಟು ಬೇಗ ಬರುತ್ತಾಳೆಂದು ಗಡಿಯಾರ ನೋಡುವುದು. ತನ್ನ ಆಸ್ಪತ್ರೆಯಲ್ಲೇ ಅತ್ತೆಯ ಕಿವಿ ತೋರಿಸಲು ದಿನವನ್ನೂ ಗೊತ್ತುಮಾಡಿದಳು. ಗಿರಣಿಯಕ್ಕ ಒಂದಕ್ಕೂ ಬೇಸರಪಡಲಿಲ್ಲ. ರಜೆ ಮುಗಿದ ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟಿ, ಎರಡು ಸಲ ವಾಪಸು ಬಂದು ನೋಡಿ, ಮಗುವನ್ನು ಅವಳ ಕೈಗೆ ಕೊಟ್ಟು ಹೋದಳು.

ಸಂಜೆ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಕೇಳಿದಳು, "ಎಷ್ಟು ಸಲ ಅತ್ತಳು?"

"ಮೂರು ಸಲ."

"ದೀಪ?"

"ಇಪ್ಪತ್ತೆರಡು ಸಲ."

"ಹಾಗಾದ್ರೆ ಅದು ಕೆಟ್ಟಿದೆ, ಅತ್ತೆ. ಬದಲಾಯಿಸ್ಬೇಕು."

"ಕೆಟ್ಟಿಲ್ಲ ಕಣಮ್ಮ. ಪ್ರತಿ ಸಲಾನೂ ಹೋಗಿ ನೋಡಿದೆ. ಕುಕ್ಕರ್ ಕೂಗಿದ್ದಕ್ಕೆ ಹೊತ್ತಿತ್ತು, ಕಿಟಕಿ ಆಚೆ ನಾಯಿ ಬೊಗಳಿದ್ದಕ್ಕೆ ಹೊತ್ತಿತ್ತು, ಲಾರಿ ಹೋಯ್ತು, ಅದಕ್ಕೂ ಹೊತ್ತಿತ್ತು. ನಮ್ಮ ಬೀದೀಲಿ ಎಷ್ಟೊಂದು ಸದ್ದು." ಗಿರಣಿಯಕ್ಕ ಮಗುವನ್ನು ಭುಜದಿಂದ ಇಳಿಸಿ ಸೊಸೆಯ ಕೈಗೆ ಕೊಟ್ಟಳು. "ಮಧ್ಯಾಹ್ನ ಒಂದು ಸಲ ಹೊತ್ಕೊಂಡಾಗ ಓಡಿ ಹೋದೆ. ಇವಳು ಅಳ್ತಿರಲಿಲ್ಲ. ಒಬ್ಬಳೇ ಮಲಗಿ ಕೈಕಾಲು ಆಡಿಸ್ಕೊಂಡು ನಗ್ತಿದ್ಳು. ಇವಳ ನಗೂನ ನಾನು ದಿನಾ ನೋಡಿದೀನಿ. ಅದಕ್ಕೆ ಸದ್ದಿದೆ ಅಂತ ಇವತ್ತೇ ಗೊತ್ತಾಗಿದ್ದು."