ವಾಚ್ ಮಾವ ಕಂಡ ಮುಳ್ಳು

ವಾಚ್ ರಿಪೇರಿಯವರು ಅಂಗಡಿ ಮುಚ್ಚಿದ್ದು ಯಾರ ಮೇಲಿನ ಸಿಟ್ಟಿಗೂ ಅಲ್ಲ. ಹೊತ್ತು ನೋಡಲು ಜನ ಜೇಬಿನಿಂದ ಫೋನ್ ತೆಗೆಯತೊಡಗಿದರು, ಅಷ್ಟೇ. ಮೂವತ್ತೆಂಟು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು ಈಗ ಮನೆಯಲ್ಲಿ ಕೈ ಕಟ್ಟಿ ಕೂರಲಾರದೆ ಮಿಕ್ಸಿ ಬಿಚ್ಚಿದರು, ಬೀಗ ಬಿಚ್ಚಿದರು, ಕೊನೆಗೆ ಹೆಂಡತಿಯ ಹೊಲಿಗೆ ಯಂತ್ರವನ್ನೂ ಬಿಚ್ಚಿಟ್ಟರು. ಅದು ಚೆನ್ನಾಗಿಯೇ ಓಡುತ್ತಿತ್ತು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಅಷ್ಟರಲ್ಲಿ ತಂಗಿಯ ಮಗಳು ಬಂದಳು. ಪ್ರಯೋಗಾಲಯವೊಂದರಲ್ಲಿ ಅವಳದು ಬ್ಯಾಟರಿ ಸಂಶೋಧನೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಕೊನೆಗೆ ಉಳಿಯುವ, ಒಂದೇ ಪರಮಾಣುವಿನಷ್ಟು ತೆಳ್ಳಗಿನ ಹಾಳೆಯೇ ಗ್ರಾಫೀನ್. ಅದಕ್ಕೆ ಲೋಹದ ಆಕ್ಸೈಡ್ ಬೆರೆಸಿ, ಕಾಡಿಗೆಯಂಥ ಲೇಪ ಮಾಡಿ, ತಾಮ್ರದ ತೆಳುಹಾಳೆಗೆ ಬಳಿದು, ಒಣಗಿದ ಮೇಲೆ ಪುಟ್ಟ ಬಿಲ್ಲೆಗಳಾಗಿ ಕತ್ತರಿಸಿ, ವಾಚಿಗೆ ಹಾಕುವಂಥ ಬಟನ್ ಸೆಲ್ಲಿನೊಳಗೆ ಕೂರಿಸಬೇಕು. ಹತ್ತು ಸೆಲ್ ಮಾಡಿದರೆ ಆರು ಎರಡೇ ದಿನಕ್ಕೆ ಕೈಕೊಡುತ್ತಿದ್ದವು. ಲೇಪ ಬದಲಿಸಿ ನೋಡು ಎನ್ನುತ್ತಿದ್ದರು ಅವಳ ಗೈಡ್. ನಾಲ್ಕು ತಿಂಗಳಲ್ಲಿ ಏಳು ಬಗೆಯ ಲೇಪ ಆಗಿತ್ತು.

"ಮಾವ, ಈ ಸೈಜಿನ ಸೆಲ್ ಜೊತೇನೇ ನಿಮ್ಮ ಆಯಸ್ಸು ಕಳೆದಿದೆ. ಒಂದ್ಸಲ ಬಂದು ನೋಡ್ತೀರಾ?"

"ನಾನು ಹಾಕ್ತಿದ್ದೆ, ತೆಗೀತಿದ್ದೆ ಕಣೇ. ಮಾಡ್ತಿರಲಿಲ್ಲ" ಎಂದರು. ಅಷ್ಟು ಹೇಳುವಾಗಲೇ ಶೂ ಲೇಸು ಕಟ್ಟುತ್ತಿದ್ದರು.

ಪ್ರಯೋಗಾಲಯದಲ್ಲಿ ಅವರು ಕೆಟ್ಟ ಸೆಲ್ಲೊಂದನ್ನು ಬಿಚ್ಚಿಸಿ, ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು, ಭೂತಗನ್ನಡಿಯಡಿ ನಿಧಾನಕ್ಕೆ ತಿರುಗಿಸಿದರು. ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣ ಮುಳ್ಳುಗಳು ಎದ್ದಿದ್ದವು. ಸೆಲ್ಲಿನೊಳಗಿನ ಎರಡು ಬಿಲ್ಲೆಗಳು ಒಂದಕ್ಕೊಂದು ತಾಗದಂತೆ ನಡುವೆ ಇಟ್ಟ ತೆಳುಪೊರೆಯನ್ನು ಅವು ಚುಚ್ಚಿ, ಸೆಲ್ ಒಳಗೊಳಗೇ ಶಾರ್ಟ್ ಆಗುತ್ತಿತ್ತು.

"ಲೇಪದ್ದೇನೂ ತಪ್ಪಿಲ್ಲ ಮಗಳೇ. ಬಿಲ್ಲೆ ಕತ್ತರಿಸೋ ಪಂಚ್ ಮೊಂಡಾಗಿದೆ."

ಪಂಚನ್ನು ಮನೆಗೊಯ್ದು ಒಂದು ಮಧ್ಯಾಹ್ನವಿಡೀ ನುಣುಪು ಸಾಣೆಕಲ್ಲಿಗೆ ಉಜ್ಜಿ ಹರಿತ ಮಾಡಿದರು. ಆಮೇಲೆ ಮಾಡಿದ ಇಪ್ಪತ್ತು ಸೆಲ್‌ಗಳಲ್ಲಿ ಹದಿನೆಂಟು ಸೆಲ್ ಒಂದು ತಿಂಗಳು ಕಳೆದರೂ ಕೈಕೊಡಲಿಲ್ಲ. ಗೈಡ್ ತಾವೇ ಮನೆಗೆ ಬಂದು, ವಾರಕ್ಕೆ ಮೂರು ದಿನ ಬೆಳಗ್ಗೆ ಸೆಲ್ ಜೋಡಿಸಲು ಬರುತ್ತೀರಾ ಎಂದು ಕೇಳಿದರು. ವಾಚ್ ಮಾವ ಥಟ್ಟನೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಲ್ಲದ ಯಾವುದೋ ಸ್ಕ್ರೂ ಹುಡುಕಿದರು. ಕಣ್ಣು ಒದ್ದೆಯಾದದ್ದು ಹೆಂಡತಿಗೆ ಮಾತ್ರ ಗೊತ್ತಾಯಿತು. "ಬರ್ತಾರೆ, ನಾಳೆಯಿಂದಲೇ" ಎಂದು ಆಕೆಯೇ ಒಪ್ಪಿಕೊಂಡರು.

ಮೊದಲ ವಾರ ಜಂಬ ಇಳಿಯಿತು. ಗಾಳಿ, ತೇವ ಸೋಕದ ಗಾಜಿನ ಪೆಟ್ಟಿಗೆಯೊಳಗೆ ದಪ್ಪ ರಬ್ಬರ್ ಗ್ಲೌಸಿನಲ್ಲಿ ಕೈ ತೂರಿಸಿ ಕೆಲಸ ಮಾಡಬೇಕು. ಬಿಲ್ಲೆ ಜಾರಿ ಜಾರಿ ಬಿದ್ದವು. ತಿಂಗಳಾಗುವಷ್ಟರಲ್ಲಿ ಗ್ಲೌಸ್ ಅವರ ಮಾತು ಕೇಳತೊಡಗಿತು. ಈಗ ವಿದ್ಯಾರ್ಥಿಗಳು ಚಿಮಟ ಹಿಡಿಯುವುದನ್ನು ಅವರಿಂದಲೇ ಕಲಿಯುತ್ತಾರೆ. ತಂಗಿಯ ಮಗಳು ಅದೇ ಗ್ರಾಫೀನಿನಿಂದ ಅಮೋನಿಯಾ ಸೋರಿಕೆ ಪತ್ತೆ ಮಾಡುವ ಸೆನ್ಸರ್ ಶುರು ಮಾಡಿದ್ದಾಳೆ. ಅದಕ್ಕೆ ಎಳೆಯಂಥ ಚಿನ್ನದ ತಂತಿ ಅಂಟಿಸುವ ಕೆಲಸ ಮಾವನದು. ಅಂಗಡಿಯಲ್ಲಿದ್ದಂತೆ ಹಗಲು ಬೆಳಕು ಬೀಳುವ ಕಿಟಕಿ ಪಕ್ಕದ ಮೇಜೇ ಬೇಕು ಎಂದು ಹಟ ಹಿಡಿದು ಪಡೆದಿದ್ದಾರೆ.